ಅಬ್ಬರದ ವೇದಿಕೆಗೆ ಹಾಡುವ ಮೈಕ್: ಐದು ಡೈನಮಿಕ್‌ಗಳ ಹೋಲಿಕೆ

ಯಾವ ಮರೆಯೂ ಇಲ್ಲದೆ ಡ್ರಮ್ಸ್ ಬಾರಿಸುವ, ಗಿಟಾರ್ ಆಂಪ್‌ಗಳು ಪೂರ್ಣ ಬಲದಲ್ಲಿ ಮೊಳಗುವ, ಹಾಡುಗಾರರ ಮುಂದಿರುವ ಮಾನಿಟರ್ ಸ್ಪೀಕರನ್ನು ಇನ್ನೊಂದಿಷ್ಟು ಏರಿಸಿದರೆ ಸೀಟಿ ಹೊಡೆಯುತ್ತದೆ ಎನ್ನುವ ಅಂಚಿನಲ್ಲೇ ಇಡೀ ಕಾರ್ಯಕ್ರಮ ಸಾಗುವ ವೇದಿಕೆಗೆ ಯಾವ ಮೈಕ್ ಸೂಕ್ತ ಎಂಬುದು ಈ ಬರಹದ ವಿಷಯ. ಧ್ವನಿ ವ್ಯವಸ್ಥೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಾನು ಇಂತಹ ವೇದಿಕೆಗಳಲ್ಲಿ ಹೆಚ್ಚಾಗಿ ಬಳಸಿರುವ ಐದು ಮೈಕುಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ: ಶ್ಯೂರ್ ಎಸ್‌ಎಂ58, ಶ್ಯೂರ್ ಬೀಟಾ 58ಎ, ಸೆನ್‌ಹೈಸರ್ ಇ 935, ಅದೇ ಸಂಸ್ಥೆಯ ಇ 945 ಮತ್ತು ಆಡಿಕ್ಸ್ ಒಎಂ7. ಈ ಐದೂ ವೃತ್ತಿಪರ ವೇದಿಕೆಯಲ್ಲಿ ನಿಲ್ಲಬಲ್ಲ ಮೈಕುಗಳೇ. ಹೀಗಿರುವಾಗ ಯಾವುದು ಅತ್ಯುತ್ತಮ ಎಂದು ಕೇಳುವುದಕ್ಕಿಂತ, ಯಾವ ಮೈಕ್ ಯಾವ ದಿಕ್ಕಿನಿಂದ ಬರುವ ಸದ್ದಿಗೆ ಕಿವುಡಾಗಿದೆ, ನಮ್ಮ ವೇದಿಕೆಯ ಅತಿ ಜೋರಾದ ಸದ್ದು ಅದೇ ದಿಕ್ಕಿನಲ್ಲಿದೆಯೇ ಎಂದು ಕೇಳುವುದೇ ಹೆಚ್ಚು ಫಲಕಾರಿ ಎಂಬುದು ನನ್ನ ಅನುಭವ.

ಈ ಐದೂ ಡೈನಮಿಕ್ ಮೈಕುಗಳು. ವಿದ್ಯುದಾವೇಶ ಹೊತ್ತ ತೆಳು ಪೊರೆಯಿಂದ ಧ್ವನಿ ಹಿಡಿಯುವ ಕಂಡೆನ್ಸರ್ ಮೈಕುಗಳನ್ನು ಈ ಹೋಲಿಕೆಯಿಂದ ಹೊರಗಿಟ್ಟದ್ದಕ್ಕೆ ಕಾರಣವಿದೆ. ಡೈನಮಿಕ್ ಮೈಕಿನಲ್ಲಿ ಧ್ವನಿಗೆ ಅಲುಗುವ ಪೊರೆಯ ಬೆನ್ನಿಗೆ ತಂತಿಯ ಸುರುಳಿಯೊಂದು ಅಂಟಿಕೊಂಡಿರುತ್ತದೆ. ಆ ಸುರುಳಿ ಅಯಸ್ಕಾಂತದ ನಡುವೆ ಚಲಿಸಿದಾಗ ವಿದ್ಯುತ್ ಸಂಕೇತ ಹುಟ್ಟುತ್ತದೆ. ಸುರುಳಿಯ ತೂಕದಿಂದಾಗಿ ಪೊರೆಯು ಅತಿ ಎತ್ತರದ ಕಂಪನಗಳಿಗೆ ಕಂಡೆನ್ಸರಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಸ್ಟುಡಿಯೋದಲ್ಲಿ ಇದು ಕೊರತೆ ಎನಿಸಬಹುದು, ಆದರೆ ಡ್ರಮ್ಸ್‌ನ ಲೋಹದ ತಟ್ಟೆಗಳಾದ ಸಿಂಬಲ್‌ಗಳ ಝಳಪು ಹಾಡುಗಾರರ ಬೆನ್ನ ಹಿಂದಿನಿಂದಲೇ ಸುರಿಯುವ ವೇದಿಕೆಯಲ್ಲಿ ಇದು ನೇರವಾದ ಅನುಕೂಲ. ಒಳ್ಳೆಯ ಕಂಡೆನ್ಸರ್ ಮೈಕುಗಳು ಶಾಂತ ವೇದಿಕೆಯಲ್ಲಿ ಬಹಳ ಸೊಗಸಾಗಿ ಕೇಳಿಸುತ್ತವೆ. ಅಬ್ಬರದ ವೇದಿಕೆಯಲ್ಲಿ ಅವು ಹಾಡಿನ ಜೊತೆಗೆ ಸಿಂಬಲ್‌ಗಳನ್ನೂ ಅಷ್ಟೇ ಸೊಗಸಾಗಿ ತಂದುಕೊಡುತ್ತವೆ.

ಮೈಕುಗಳನ್ನು ಹೋಲಿಸುವಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಅವುಗಳ ಮಟ್ಟವನ್ನು ಸಮಗೊಳಿಸುವುದು. ಇದನ್ನು ಮಾಡದ ಹೋಲಿಕೆಗೆ ಬೆಲೆಯಿಲ್ಲ ಎಂದೇ ಹೇಳುತ್ತೇನೆ. ತಯಾರಕರು ಕೊಡುವ ಅಂಕಿಗಳ ಪ್ರಕಾರ ಒಂದೇ ಒತ್ತಡದ ಧ್ವನಿಗೆ ಎಸ್‌ಎಂ58 ಸುಮಾರು 1.9 ಮಿಲಿವೋಲ್ಟ್, ಇ 945 ಸುಮಾರು 2 ಮಿಲಿವೋಲ್ಟ್, ಬೀಟಾ 58ಎ ಸುಮಾರು 2.6 ಮಿಲಿವೋಲ್ಟ್, ಇ 935 ಸುಮಾರು 2.8 ಮಿಲಿವೋಲ್ಟ್ ಕೊಟ್ಟರೆ, ಒಎಂ7 ಕೊಡುವುದು ಸುಮಾರು 0.9 ಮಿಲಿವೋಲ್ಟ್ ಮಾತ್ರ. ಡೆಸಿಬೆಲ್ ಲೆಕ್ಕದಲ್ಲಿ ಬೀಟಾ 58ಎ ಮತ್ತು ಒಎಂ7 ನಡುವಿನ ಅಂತರವೇ ಹತ್ತಿರಹತ್ತಿರ 9 ಆಗುತ್ತದೆ. ಮಿಕ್ಸರಿನ ಗೇನ್ (ಮೈಕಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಮುಟ್ಟದೆ ಒಂದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಿದರೆ ಬೀಟಾ ತಟ್ಟನೆ ಸೀಟಿ ಹೊಡೆಯುತ್ತದೆ, ಒಎಂ7 ಮೌನವಾಗಿರುತ್ತದೆ. ನೋಡುವವರಿಗೆ ಒಎಂ7 ಪವಾಡದಂತೆ ಕಾಣುತ್ತದೆ. ವಾಸ್ತವದಲ್ಲಿ ಅಲ್ಲಿ ಕಡಿಮೆಯಾಗಿರುವುದು ಒಟ್ಟು ವ್ಯವಸ್ಥೆಯ ಗೇನ್ ಅಷ್ಟೇ. ಔಟ್‌ಪುಟ್ ಕಡಿಮೆಯಿರುವ ಮೈಕ್ ಆ ಕಾರಣಕ್ಕಾಗಿಯೇ ಫೀಡ್‌ಬ್ಯಾಕನ್ನು, ಅಂದರೆ ಸ್ಪೀಕರಿನ ಸದ್ದು ಮೈಕಿಗೆ ಮರಳಿ ಹುಟ್ಟುವ ಆ ಸೀಟಿಯನ್ನು, ತಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ, ಏಕೆಂದರೆ ಹಾಡು ಮೊದಲಿನಷ್ಟೇ ಕೇಳಿಸಬೇಕಾದರೆ ಆ ಕೊರತೆಯನ್ನು ಗೇನ್ ಏರಿಸಿ ತುಂಬಲೇಬೇಕು, ತುಂಬಿದೊಡನೆ ಫೀಡ್‌ಬ್ಯಾಕಿನ ಸಾಧ್ಯತೆಯೂ ಅಷ್ಟೇ ಏರುತ್ತದೆ.

ಆದ್ದರಿಂದ ನಾನು ಸಣ್ಣ ಸ್ಪೀಕರೊಂದರಿಂದ ಪಿಂಕ್ ನಾಯ್ಸ್ (ಎಲ್ಲ ಕಂಪನಾಂಕಗಳೂ ಬೆರೆತ ಪರೀಕ್ಷೆಯ ಸದ್ದು) ನುಡಿಸಿ, ಪ್ರತಿ ಮೈಕನ್ನೂ ಅದರ ಎದುರು ಒಂದೇ ದೂರದಲ್ಲಿ ನಿಲ್ಲಿಸಿ, ಮೀಟರಿನಲ್ಲಿ ಒಂದೇ ಮಟ್ಟ ಬರುವವರೆಗೆ ಗೇನ್ ಹೊಂದಿಸಿಕೊಂಡೆ. ತಗ್ಗು, ನಡು, ಎತ್ತರದ ಸ್ವರಗಳನ್ನು ಏರಿಸಿ ಇಳಿಸುವ ಇಕ್ಯು ಎಲ್ಲದಕ್ಕೂ ಸಪಾಟಾಗಿತ್ತು. 100 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ಸದ್ದನ್ನು ತಡೆಯುವಂಥದ್ದು) ಒಂದನ್ನು ಮಾತ್ರ ಎಲ್ಲ ಚಾನೆಲ್‌ಗಳಲ್ಲೂ ಹಾಕಿದ್ದೆ. ಬಳಿಕ ಒಂದೇ ತಂಡ, ಒಂದೇ ವೇದಿಕೆ, ಒಂದೇ ಹಾಡು ಎಂಬ ಕಟ್ಟುಪಾಡಿನಲ್ಲಿ ಪ್ರತಿ ಮೈಕಿನಲ್ಲೂ ಹಾಡಿಸಿ ಧ್ವನಿಮುದ್ರಿಸಿಕೊಂಡೆ. ಹಾಡುಗಾರರು ಬಾಯಿ ಮುಚ್ಚಿ ಮೈಕಿನ ಎದುರೇ ನಿಂತಿರುವ, ಉಳಿದವರೆಲ್ಲ ನುಡಿಸುತ್ತಿರುವ ಭಾಗವನ್ನು ಪ್ರತ್ಯೇಕವಾಗಿ ದಾಖಲಿಸುವುದು ಈ ಪರೀಕ್ಷೆಯ ಅತಿ ಮುಖ್ಯ ಹಂತ. ಹಾಡುವಾಗ ಮೈಕ್ ಎಷ್ಟು ಚೆನ್ನಾಗಿದೆ ಎಂಬುದು ಎಲ್ಲರಿಗೂ ಕೇಳಿಸುತ್ತದೆ. ಹಾಡದಿರುವಾಗ ಅದು ಏನನ್ನು ಎತ್ತಿಕೊಳ್ಳುತ್ತಿದೆ ಎಂಬುದರಿಂದಲೇ ಇಡೀ ಮಿಕ್ಸ್‌ನ ಹಣೆಬರಹ ನಿರ್ಧಾರವಾಗುತ್ತದೆ.

ಇನ್ನು ದಿಕ್ಕಿನ ವಿಚಾರ. ಯಾವ ದಿಕ್ಕಿನ ಸದ್ದನ್ನು ಎಷ್ಟು ಎತ್ತಿಕೊಳ್ಳುತ್ತವೆ ಎಂಬುದಕ್ಕೆ ತಕ್ಕಂತೆ ಮೈಕುಗಳ ವಿನ್ಯಾಸಗಳಿಗೆ ಬೇರೆಬೇರೆ ಹೆಸರುಗಳಿವೆ. ಎಸ್‌ಎಂ58 ಮತ್ತು ಇ 935 ಕಾರ್ಡಿಯಾಯ್ಡ್ ಮೈಕುಗಳು. ಇವು ನೇರ ಹಿಂಬದಿಗೆ, ಅಂದರೆ ಮುಂಭಾಗದಿಂದ ಲೆಕ್ಕ ಹಾಕಿದರೆ 180 ಡಿಗ್ರಿಯಲ್ಲಿ, ಅತ್ಯಂತ ಕಿವುಡು. ಬೀಟಾ 58ಎ ಮತ್ತು ಇ 945 ಸೂಪರ್‌ಕಾರ್ಡಿಯಾಯ್ಡ್‌ಗಳು. ಇವುಗಳ ಕಿವುಡು ಕೋನ ಸುಮಾರು 126 ಡಿಗ್ರಿಯಲ್ಲಿದ್ದು, ನೇರ ಹಿಂದಿನಿಂದ ಬರುವ ಸದ್ದು ಸ್ವಲ್ಪ ಮಟ್ಟಿಗೆ ಒಳಗೆ ಬರುತ್ತದೆ. ಒಎಂ7 ಹೈಪರ್‌ಕಾರ್ಡಿಯಾಯ್ಡ್, ಅದರ ಕಿವುಡು ಕೋನ ಸುಮಾರು 110 ಡಿಗ್ರಿ, ಹಿಂಬದಿಯಲ್ಲಿ ಅದಕ್ಕೆ ಸೂಪರ್‌ಕಾರ್ಡಿಯಾಯ್ಡ್‌ಗಿಂತಲೂ ಹೆಚ್ಚು ಕೇಳಿಸುತ್ತದೆ. ಪಕ್ಕದಿಂದ, ಅಂದರೆ 90 ಡಿಗ್ರಿಯಿಂದ ಬರುವ ಸದ್ದನ್ನು ಕಾರ್ಡಿಯಾಯ್ಡ್ 6 ಡೆಸಿಬೆಲ್, ಸೂಪರ್ ಸುಮಾರು 9, ಹೈಪರ್ 12 ಡೆಸಿಬೆಲ್ ತಗ್ಗಿಸುತ್ತವೆ. ಈ ಕೋನಗಳು ಚಪ್ಪಟೆಯಾದ ಕಾಗದದ ಮೇಲಿನ ಗೆರೆಗಳಲ್ಲ ಎಂಬುದನ್ನು ನೆನಪಿಡಬೇಕು. ಮೈಕಿನ ಸುತ್ತ ಎಡ, ಬಲ, ಮೇಲೆ, ಕೆಳಗೆ ಎಲ್ಲ ಕಡೆಗೂ ಅವು ಶಂಕುವಿನಂತೆ ಹರಡಿರುತ್ತವೆ. ಇವೆಲ್ಲ ಆದರ್ಶ ವಿನ್ಯಾಸದ ಅಂಕಿಗಳು; ನಿಜವಾದ ಮೈಕಿನಲ್ಲಿ ಕಂಪನಾಂಕ ಬದಲಾದಂತೆ ಈ ಕೋನಗಳು ಅಷ್ಟಿಷ್ಟು ಸರಿಯುತ್ತವೆ, ಕಿವುಡು ಕೋನದಲ್ಲೂ ಒಂದಿಷ್ಟು ಸದ್ದು ನುಸುಳುತ್ತದೆ.

ಸುತ್ತಲೂ ಎಲ್ಲ ಕಡೆಯಿಂದ ಸಮನಾಗಿ ಸದ್ದು ಬರುತ್ತಿದೆ ಎಂದುಕೊಂಡು ಲೆಕ್ಕ ಹಾಕಿದರೆ, ಹೈಪರ್‌ಕಾರ್ಡಿಯಾಯ್ಡ್ ಮೈಕ್ ಕಾರ್ಡಿಯಾಯ್ಡ್‌ಗಿಂತ ಕಡಿಮೆ ಎತ್ತಿಕೊಳ್ಳುವುದು ಕೇವಲ 1.25 ಡೆಸಿಬೆಲ್‌ನಷ್ಟು. ಮೈಕ್ ಬದಲಿಸಿದರೆ ಸಮಸ್ಯೆ ತೀರುತ್ತದೆ ಎಂದು ನಂಬುವವರು ಈ ಅಂಕಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಹಾಡುಗಾರರು ಬಾಯಿಯನ್ನು ಮೈಕಿನಿಂದ 3 ಸೆಂಟಿಮೀಟರ್ ದೂರದಿಂದ 6 ಸೆಂಟಿಮೀಟರಿಗೆ ಒಯ್ದರೆ ಕಳೆದುಹೋಗುವುದು ಸರಿಸುಮಾರು 6 ಡೆಸಿಬೆಲ್. ಅಂದರೆ ತುಟಿ ಮತ್ತು ಜಾಲರಿಯ ನಡುವಿನ ಎರಡು ಬೆರಳಗಲದ ಜಾಗವು, ಎರಡು ವಿನ್ಯಾಸಗಳ ನಡುವಿನ ಸರಾಸರಿ ವ್ಯತ್ಯಾಸಕ್ಕಿಂತ ಹಲವು ಪಟ್ಟು ಪ್ರಭಾವಶಾಲಿ. ಆದರೆ ಸದ್ದು ಎಲ್ಲ ಕಡೆಯಿಂದಲೂ ಸಮನಾಗಿ ಬರದೆ ಒಂದು ನಿರ್ದಿಷ್ಟ ಜಾಗದಿಂದ ಬರುವಾಗ, ಉದಾಹರಣೆಗೆ ಮಾನಿಟರ್ ಸ್ಪೀಕರಿನಿಂದ ಬರುವಾಗ, ಲೆಕ್ಕ ಪೂರ್ತಿ ಬದಲಾಗುತ್ತದೆ. ಅಲ್ಲಿ ವಿನ್ಯಾಸಗಳ ನಡುವಿನ ಅಂತರ 20 ಡೆಸಿಬೆಲ್‌ವರೆಗೂ ಹೋಗಬಲ್ಲದು.

ಇದನ್ನು ಅಳತೆಗಳೊಂದಿಗೆ ನೋಡೋಣ. ಮೈಕಿನ ತಲೆ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ. ಮಾನಿಟರ್ ಸ್ಪೀಕರ್ ಹಾಡುಗಾರರ ನೇರ ಎದುರಿಗೆ, ಮೈಕಿನಿಂದ ಒಂದು ಮೀಟರ್ ಮುಂದೆ, ನೆಲದಿಂದ ಕಾಲು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಹಾಡುಗಾರರು ಮೈಕನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದರೆ, ಮಾನಿಟರಿನ ಸದ್ದು ಮೈಕಿನ ಮುಂಭಾಗದಿಂದ ಸುಮಾರು 129 ಡಿಗ್ರಿ ಕೋನದಲ್ಲಿ ಬಂದು ತಲುಪುತ್ತದೆ. ಇದು ಸೂಪರ್‌ಕಾರ್ಡಿಯಾಯ್ಡ್‌ನ ಕಿವುಡು ಕೋನಕ್ಕೆ ಬಹುತೇಕ ಅಂಟಿಕೊಂಡ ಜಾಗ. ಲೆಕ್ಕದ ಪ್ರಕಾರ ಅಲ್ಲಿ ಸೂಪರ್ 30 ಡೆಸಿಬೆಲ್ ತಗ್ಗಿಸಿದರೆ, ಕಾರ್ಡಿಯಾಯ್ಡ್ ಸುಮಾರು 15, ಹೈಪರ್ ಸುಮಾರು 13 ಡೆಸಿಬೆಲ್ ಮಾತ್ರ ತಗ್ಗಿಸುತ್ತವೆ. ಅದೇ ಹಾಡುಗಾರರು ಮೊಣಕೈಯನ್ನು ಇಳಿಬಿಟ್ಟು, ಮೈಕಿನ ಹಿಂತುದಿಯನ್ನು 45 ಡಿಗ್ರಿ ಕೆಳಗೆ ವಾಲಿಸಿದರೆ, ಮಾನಿಟರ್ ಹೆಚ್ಚುಕಡಿಮೆ ಮೈಕಿನ ನೇರ ಹಿಂಬದಿಗೆ ಬರುತ್ತದೆ. ಆಗ ಕಾರ್ಡಿಯಾಯ್ಡ್ ಅದನ್ನು ಬಹುತೇಕ ಪೂರ್ತಿಯಾಗಿ ಮರೆಸುತ್ತದೆ. ಸೂಪರ್ ಸುಮಾರು 12 ಡೆಸಿಬೆಲ್‌ಗೆ ಇಳಿಯುತ್ತದೆ. ಹೈಪರ್ 6 ಡೆಸಿಬೆಲ್‌ಗೆ ಕುಸಿಯುತ್ತದೆ. ಕೆಲವು ಗಾಯಕರಲ್ಲಿರುವಂತೆ ಮೊಣಕೈ ಎತ್ತಿ, ಹಿಂತುದಿಯನ್ನು 20 ಡಿಗ್ರಿಯಷ್ಟು ಮೇಲೆತ್ತಿ ಹಾಡಿದರೆ, ಮಾನಿಟರ್ 109 ಡಿಗ್ರಿಗೆ ಬಂದು ಹೈಪರ್‌ನ ಕಿವುಡು ಕೋನದಲ್ಲಿ ಸರಿಯಾಗಿ ಕೂರುತ್ತದೆ, ಕಾರ್ಡಿಯಾಯ್ಡ್ 9 ಡೆಸಿಬೆಲ್ಲಿನಷ್ಟು ಮಾತ್ರ ತಡೆಯುತ್ತದೆ.

ಒಂದೇ ಮಾನಿಟರ್, ಒಂದೇ ಜಾಗ, ಒಂದೇ ಗಾಯಕ. ಮೊಣಕೈ ಮಾತ್ರ ಬದಲಾಗಿದೆ. ನನ್ನ ಪರೀಕ್ಷೆಯಲ್ಲಿ ಅಂಕಿಗಳು ಇಷ್ಟು ಅಚ್ಚುಕಟ್ಟಾಗಿ ಬರಲಿಲ್ಲ, ವೇದಿಕೆಯ ಗೋಡೆ, ಮೇಲ್ಛಾವಣಿಗಳಿಂದ ಮರಳುವ ಸದ್ದು ಅದನ್ನು ಎಂದಿಗೂ ಬಿಡುವುದಿಲ್ಲ, ಆದರೆ ಯಾವುದು ಮೊದಲು ಸೀಟಿ ಹೊಡೆಯಿತು, ಯಾವುದು ಕೊನೆಗೆ ಎಂಬ ಕ್ರಮ ಮಾತ್ರ ಲೆಕ್ಕದಂತೆಯೇ ಇತ್ತು. ಎಸ್‌ಎಂ58 ಕಳಪೆ, ಬೀಟಾ ಉತ್ತಮ ಎಂದು ಒಬ್ಬರು ಹೇಳುವುದಕ್ಕೂ, ಇನ್ನೊಬ್ಬರು ಅದಕ್ಕೆ ತದ್ವಿರುದ್ಧವಾಗಿ ಆಣೆ ಮಾಡುವುದಕ್ಕೂ ಇದೇ ಕಾರಣವಿರಬೇಕು. ಇಬ್ಬರೂ ತಮ್ಮ ವೇದಿಕೆಯಲ್ಲಿ ಕೇಳಿದ್ದನ್ನೇ ಹೇಳುತ್ತಿರುತ್ತಾರೆ.

ಈ ಹಿನ್ನೆಲೆಯಲ್ಲಿ ಎಸ್‌ಎಂ58ನಿಂದ ಆರಂಭಿಸುತ್ತೇನೆ. 1966ರಲ್ಲಿ ಬಂದ ಈ ಮೈಕ್ ಇಂದಿಗೂ ಎಲ್ಲ ಹೋಲಿಕೆಗಳ ಅಳತೆಗೋಲಾಗಿದೆ. ಇದರೊಳಗಿನ ಕ್ಯಾಪ್ಸೂಲ್, ಅಂದರೆ ಧ್ವನಿಯನ್ನು ಹಿಡಿಯುವ ಭಾಗ, ಶ್ಯೂರ್ ಸಂಸ್ಥೆಯ ಎಂಜಿನಿಯರ್ ಅರ್ನಿ ಸೀಲರ್ ರೂಪಿಸಿದ ಯೂನಿಡೈನ್ ಮೂರರ ವಂಶದ್ದು. ಕೈಯಲ್ಲಿ ಹಿಡಿದಾಗಿನ ಕುಲುಕಾಟ ಒಳಗೆ ತಲುಪದಂತೆ ಗಾಳಿಯ ಮೆತ್ತೆಯ ಮಾದರಿಯ ಆಘಾತರಕ್ಷಣೆ ಅದಕ್ಕಿದೆ. ತಗ್ಗಿನ ಸ್ವರಗಳು 100 ಹರ್ಟ್ಸ್‌ನ ಕೆಳಗೆ ಇಳಿಯುತ್ತಾ ಹೋಗುತ್ತವೆ, 4ರಿಂದ 6 ಕಿಲೋಹರ್ಟ್ಸ್ ಸುತ್ತಮುತ್ತ ಒಂದು ದಿಬ್ಬವಿದೆ, 15 ಕಿಲೋಹರ್ಟ್ಸ್ ಬಳಿಗೆ ಅದರ ವ್ಯಾಪ್ತಿ ಮುಗಿಯುತ್ತದೆ. ಇತರ ನಾಲ್ಕರ ಪಕ್ಕದಲ್ಲಿಟ್ಟು ಕೇಳಿದಾಗ ಇದರ ದನಿ ತುಸು ಮುಸುಕಿದಂತೆ, ನಡುಸ್ವರಗಳಲ್ಲಿ ದಪ್ಪವಾಗಿ ಕೇಳಿಸುತ್ತದೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ತೆಳುವಾದ, ಮೊನಚಾದ ಕಂಠಕ್ಕೆ ಈ ದಪ್ಪ ಒಳ್ಳೆಯ ಆಧಾರವಾಗುತ್ತದೆ. ಇದರ ನಿಜವಾದ ಶಕ್ತಿ ಬೇರೆಯೇ: ಹಾಡುಗಾರರು ತಲೆಯನ್ನು ಅತ್ತಿತ್ತ ಆಡಿಸಿದರೂ ದನಿಯ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಕಾರ್ಡಿಯಾಯ್ಡ್‌ನ ಮುಂಭಾಗದ ಗ್ರಹಣ ಕೋನ, ಅಂದರೆ ದನಿ ಹೆಚ್ಚು ತಗ್ಗದೆ ಸಿಗುವ ಹರವು, ಸುಮಾರು 131 ಡಿಗ್ರಿ, ಸೂಪರ್‌ನದು 115, ಹೈಪರ್‌ನದು 105. ಕುಣಿಯುತ್ತ ಹಾಡುವವರ ವಿಷಯದಲ್ಲಿ ಈ ವ್ಯತ್ಯಾಸ ಪ್ರತಿ ಸಾಲಿನಲ್ಲೂ ಕೇಳಿಸುತ್ತದೆ.

ಬೀಟಾ 58ಎ ಹೊರನೋಟಕ್ಕೆ ಎಸ್‌ಎಂ58ರ ತಮ್ಮನಂತೆ ಕಂಡರೂ ಸ್ವಭಾವದಲ್ಲಿ ಬಹಳ ಭಿನ್ನ. ನಿಯೋಡೈಮಿಯಂ ಅಯಸ್ಕಾಂತದಿಂದಾಗಿ ಔಟ್‌ಪುಟ್ ಹೆಚ್ಚು, ದನಿ ಮುಂದೆ ಚಾಚಿ ನಿಂತಂತೆ ಕೇಳಿಸುತ್ತದೆ, ಗಿಟಾರ್‌ಗಳ ಗೋಡೆಯನ್ನು ಸೀಳಿಕೊಂಡು ವ್ಯಂಜನಗಳು ಹೊರಬರುತ್ತವೆ. ಆದರೆ ಸ, ಶ, ಷಗಳು ಹೆಚ್ಚಿರುವ ಸಾಲುಗಳಲ್ಲಿ ಈ ಪ್ರಖರತೆ ಕಿವಿಗೆ ಚುಚ್ಚುತ್ತದೆ. ಉಸಿರು ಒತ್ತಿ ಹೊರಬೀಳುವ ಫ, ಭಗಳನ್ನೂ ಅದು ಕ್ಷಮಿಸುವುದಿಲ್ಲ. ಮಾನಿಟರ್ ಸರಿಯಾದ ಕೋನದಲ್ಲಿದ್ದಾಗ ಎಸ್‌ಎಂ58ಕ್ಕಿಂತ ಗಮನಾರ್ಹವಾಗಿ ಹೆಚ್ಚು ಮಟ್ಟ ಇದರಿಂದ ಸಿಕ್ಕಿತು. ಮಾನಿಟರನ್ನು ನೇರ ಹಿಂಬದಿಗೆ ತಂದು, ಮೈಕನ್ನು ವಾಲಿಸಿ ಹಿಡಿದಾಗ ಆ ಲಾಭ ಸಂಪೂರ್ಣವಾಗಿ ಕರಗಿ, ಎಸ್‌ಎಂ58 ಮುಂದೆ ಹೋಯಿತು. ಬೀಟಾ ಬಳಸುವವರು ಎರಡು ಮಾನಿಟರುಗಳನ್ನು ಹಾಡುಗಾರರ ಎಡಬಲದಲ್ಲಿ ಓರೆಯಾಗಿಡುವುದು, ಇಲ್ಲವೇ ಒಂದೇ ಇದ್ದರೆ ಮೈಕನ್ನು ಸಮತಲವಾಗಿ ಹಿಡಿಯುವಂತೆ ಹೇಳುವುದು ಅಗತ್ಯ. ಮಾನಿಟರ್ ಮೈಕಿನಿಂದ ಎರಡು ಮೀಟರ್ ದೂರಕ್ಕೆ ಸರಿದರೆ ಕೋನ 148 ಡಿಗ್ರಿಗೆ ಹೋಗುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. ಸೌಂಡ್ ಚೆಕ್ ಮುಗಿದ ಮೇಲೆ ಯಾರೋ ಕಾಲಿನಿಂದ ತಳ್ಳಿದ ಮಾನಿಟರ್ ಸಂಜೆಯ ಹೊತ್ತಿಗೆ ಹೊಸ ಸೀಟಿಯೊಂದಕ್ಕೆ ಕಾರಣವಾಗುವುದು ಹೀಗೆ.

ಸೆನ್‌ಹೈಸರ್ ಜೋಡಿಯ ವಿಷಯ ಬೇಗ ಹೇಳಬಹುದು, ಏಕೆಂದರೆ ಇವುಗಳ ಬಗ್ಗೆ ದೂರುಗಳು ಕಡಿಮೆ. ಇ 935 ಕಾರ್ಡಿಯಾಯ್ಡ್ ಆಗಿದ್ದೂ ಎಸ್‌ಎಂ58ಕ್ಕಿಂತ ತೆರೆದ ದನಿಯದು. ಅದರ ವ್ಯಾಪ್ತಿ 18 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ, ಔಟ್‌ಪುಟ್ 3 ಡೆಸಿಬೆಲ್ಲಿಗೂ ಮಿಗಿಲಾಗಿ ಹೆಚ್ಚು. ಇಕ್ಯು ಮುಟ್ಟದೆಯೇ ಹಾಡು ಸ್ಪಷ್ಟವಾಗಿ ಕೇಳಿಸಬೇಕೆಂದರೆ ಐದರಲ್ಲಿ ನಾನು ಮೊದಲು ಕೈಹಾಕುವುದು ಇದಕ್ಕೆ. ಆದರೆ ಆ ತೆರೆದ ಎತ್ತರದ ಸ್ವರಗಳು ಸಿಂಬಲ್‌ಗಳನ್ನೂ ಒಳಗೆ ಕರೆಯುತ್ತವೆ. ಬಾಯಿ ಮುಚ್ಚಿ ನಿಂತಾಗ ಮುದ್ರಿಸಿದ ಭಾಗದಲ್ಲಿ ಇ 935ರ ಚಾನೆಲ್ ಎಸ್‌ಎಂ58ಕ್ಕಿಂತ ಹೆಚ್ಚು ಝಳಪಿನಿಂದ ಕೂಡಿತ್ತು. ಇ 945 ಸೂಪರ್‌ಕಾರ್ಡಿಯಾಯ್ಡ್. ಬೀಟಾದ ನೇರ ಪ್ರತಿಸ್ಪರ್ಧಿ. ಬೀಟಾ ಮುಂದೆ ಚಾಚುವಲ್ಲಿ ಇದು ನಯವಾಗಿ ನಿಲ್ಲುತ್ತದೆ, ಸಕಾರಗಳು ಕಡಿಮೆ ಚುಚ್ಚುತ್ತವೆ, ಮಾನಿಟರಿನಲ್ಲಿ ಗಂಟೆಗಟ್ಟಲೆ ಕೇಳಿಸಿಕೊಂಡರೂ ಕಿವಿ ದಣಿಯುವುದಿಲ್ಲ. ಎರಡರಲ್ಲೂ ವಿದ್ಯುತ್ ಗುಂಯ್‌ಗುಡುವಿಕೆಯನ್ನು ರದ್ದುಮಾಡುವ ಹೆಚ್ಚುವರಿ ಸುರುಳಿಯಿದ್ದು, ದೀಪಗಳ ಡಿಮ್ಮರ್‌ಗಳೂ ಟ್ರಾನ್ಸ್‌ಫಾರ್ಮರ್‌ಗಳೂ ವೇದಿಕೆಗೆ ಅಂಟಿಕೊಂಡೇ ಇರುವ ಕಡೆಗಳಲ್ಲಿ ಅದರಿಂದ ನಿಜವಾದ ಉಪಯೋಗವಿದೆ. ಎರಡೂ ಕೈಗೆ ತೂಕವೆನಿಸುತ್ತವೆ. ಇಡೀ ಸಂಜೆ ಹಿಡಿದು ಹಾಡುವವರು ಇದನ್ನು ಒಮ್ಮೆ ಹಿಡಿದು ನೋಡಿಯೇ ತೀರ್ಮಾನಿಸಲಿ.

ಒಎಂ7 ಈ ಐದರಲ್ಲಿ ಅತ್ಯಂತ ವಿಶೇಷವಾದದ್ದು, ಅತ್ಯಂತ ಕಟ್ಟುನಿಟ್ಟಾದದ್ದೂ ಹೌದು. ಅತಿ ಜೋರಾದ ವೇದಿಕೆಗಳನ್ನೇ ಗುರಿಯಾಗಿಟ್ಟು ಮಾಡಿದ ಮೈಕ್ ಇದು. ಮಟ್ಟ ಸಮಗೊಳಿಸಿ ಕೇಳಿದಾಗಲೂ, ಅಂದರೆ ಔಟ್‌ಪುಟ್ ಕಡಿಮೆಯೆಂಬ ಕಣ್ಕಟ್ಟನ್ನು ತೆಗೆದುಹಾಕಿದ ಮೇಲೂ, ಮೌನದ ಭಾಗದಲ್ಲಿ ಪಕ್ಕದ ಗಿಟಾರ್ ಆಂಪ್‌ನ ಸದ್ದು ಇದರಲ್ಲೇ ಅತಿ ಕಡಿಮೆ ಇತ್ತು. ತುಟಿ ಜಾಲರಿಗೆ ತಾಗುವಷ್ಟು ಹತ್ತಿರದಲ್ಲಿ ಹಾಡುವಾಗ ಸಮೀಪ ಪರಿಣಾಮದಿಂದ ತಗ್ಗಿನ ಸ್ವರಗಳು ಉಬ್ಬುವುದು ಎಲ್ಲ ದಿಕ್ಕುಳ್ಳ ಮೈಕುಗಳ ಗುಣ, ಒಎಂ7 ಆ ಹತ್ತಿರದಲ್ಲೂ ಮಸುಕಾಗದೆ ನಿಲ್ಲುವಂತೆ ಹದಗೊಂಡಿದೆ. ಆದರೆ ಅದರ ಷರತ್ತೂ ಅದೇ: ಹತ್ತಿರವೇ ಇರಬೇಕು, ನೇರವಾಗಿಯೇ ಇರಬೇಕು. ಹಾಡುಗಾರ್ತಿಯೊಬ್ಬರು ಉಚ್ಚಸ್ಥಾಯಿಯಲ್ಲಿ ಅಭ್ಯಾಸಬಲದಿಂದ ಮೈಕನ್ನು ಗೇಣುದ್ದ ದೂರ ಸರಿಸಿದಾಗ, ಇತರ ಮೈಕುಗಳಲ್ಲಿ ದನಿ ಹದವಾಗಿ ಹಿಂದೆ ಸರಿದರೆ ಒಎಂ7ನಲ್ಲಿ ಅದರ ದೇಹವೇ ಮಾಯವಾಗಿ ತೆಳುವಾದ ಗೆರೆಯಷ್ಟೇ ಉಳಿಯಿತು. ಇಂತಹವರಿಗೆ ಈ ಮೈಕ್ ಕೊಡಬಾರದು. ಅವರ ಹಾಡುಗಾರಿಕೆಯ ಸೂಕ್ಷ್ಮವನ್ನೇ ಅದು ಕಿತ್ತುಕೊಳ್ಳುತ್ತದೆ.

ಒಎಂ7ನ ಕಡಿಮೆ ಔಟ್‌ಪುಟ್‌ಗೆ ಒಂದು ನ್ಯಾಯವಾದ ಉಪಯೋಗವೂ ಇದೆ. ಜಾಲರಿಗೆ ಬಾಯಿಕೊಟ್ಟು ಕಿರುಚುವ ಕಂಠ ಮೈಕಿನ ಬಳಿ 130 ಡೆಸಿಬೆಲ್ ಮುಟ್ಟಿದರೆ, ಬೀಟಾ 58ಎಯಿಂದ 160 ಮಿಲಿವೋಲ್ಟ್‌ಗೂ ಹೆಚ್ಚು ಹೊರಡುತ್ತದೆ. ಗೇನ್ ಏರಿಸಿಟ್ಟ ಪ್ರಿಆಂಪ್ (ಮಿಕ್ಸರಿನಲ್ಲಿ ಮೈಕಿನ ಸಂಕೇತವನ್ನು ಹಿಗ್ಗಿಸುವ ಭಾಗ) ಆ ಕ್ಷಣದಲ್ಲಿ ಸೀಳುದನಿ ಕೊಡಬಹುದು. ಒಎಂ7ನಿಂದ ಹೊರಡುವುದು 60 ಮಿಲಿವೋಲ್ಟ್‌ನ ಆಸುಪಾಸು. ಇನ್ನೊಂದೆಡೆ, ಮೆಲುದನಿಯವರಿಗೆ ಸಾಧಾರಣ ಮಿಕ್ಸರಿನಲ್ಲಿ ಇದನ್ನು ಬಳಸಿದರೆ ಗೇನ್ ಗುಂಡಿ ಕೊನೆಯ ತನಕ ತಿರುಗಿ, ಪ್ರಿಆಂಪ್‌ನ ಸ್ವಂತ ಸುಯ್ಯೆನ್ನುವ ಸದ್ದು ಮೇಲೇಳುತ್ತದೆ.

ಮೈಕ್ ಹಿಡಿಯುವ ಕೈಯ ಬಗ್ಗೆ ಇಲ್ಲಿ ವಿವರವಾಗಿ ಹೇಳಲೇಬೇಕು. ಒಂದೇ ಕ್ಯಾಪ್ಸೂಲ್ ಬಳಸಿ ದಿಕ್ಕುಳ್ಳ ಡೈನಮಿಕ್ ಮೈಕ್ ಮಾಡುವ ವಿಧಾನವನ್ನು ಶ್ಯೂರ್ ಸಂಸ್ಥೆಯ ಬೆಂಜಮಿನ್ ಬಾವರ್ ರೂಪಿಸಿದರು. 1939ರಲ್ಲಿ ಯೂನಿಡೈನ್ ಆಗಿ ಅದು ಹೊರಬಂತು. ಪೊರೆಯ ಹಿಂಬದಿಗೂ ಗಾಳಿಕಿಂಡಿಗಳನ್ನು ಬಿಟ್ಟು, ಹಿಂದಿನಿಂದ ಬಂದ ಧ್ವನಿ ಪೊರೆಯ ಎರಡೂ ಬದಿಗೆ ಒಂದೇ ಹೊತ್ತಿಗೆ ತಲುಪಿ ತನ್ನನ್ನು ತಾನೇ ರದ್ದುಮಾಡಿಕೊಳ್ಳುವಂತೆ ಮಾಡುವುದು ಅದರ ತಿರುಳು. ಇಂದಿನ ಈ ಐದೂ ಮೈಕುಗಳ ಕಿವುಡುತನ ನಿಂತಿರುವುದು ಜಾಲರಿಯ ಹಿಂಭಾಗದ ಆ ಕಿಂಡಿಗಳ ಮೇಲೆ. ಗಾಯಕರು ಜಾಲರಿಯ ಗುಂಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ ಕ್ಷಣ ಆ ದಾರಿ ಬಂದಾಗಿ, ಮೈಕ್ ಎಲ್ಲ ದಿಕ್ಕಿನಿಂದಲೂ ಎತ್ತಿಕೊಳ್ಳಲಾರಂಭಿಸುತ್ತದೆ, ಜೊತೆಗೆ ಅಂಗೈಯ ಪೊಳ್ಳು ನಡುಸ್ವರಗಳನ್ನು ಉಬ್ಬಿಸುತ್ತದೆ. ಸೂಪರ್, ಹೈಪರ್ ಮೈಕುಗಳಿಗೆ ಹೆಚ್ಚು ಹಣ ತೆತ್ತು, ಅವನ್ನು ಹೀಗೆ ಹಿಡಿದು ಹಾಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮುಚ್ಚಿ ಹಿಡಿಯುವ ಅಭ್ಯಾಸ ಬಿಡಲಾರದ ಗಾಯಕರಿಗೆ ನಾನು ಎಸ್‌ಎಂ58 ಕೊಡುತ್ತೇನೆ. ಅದೂ ಕೆಡುತ್ತದೆ, ಆದರೆ ಪ್ರಖರ ಸ್ವರಗಳ ದಿಬ್ಬ ಕಡಿಮೆಯಿರುವುದರಿಂದ ಸೀಟಿ ಬರುವುದು ತುಸು ತಡವಾಗಿ, ಹಿಡಿದು ಸರಿಪಡಿಸಲು ನನಗೆ ಒಂದಿಷ್ಟು ಅವಕಾಶ ಸಿಗುತ್ತದೆ.

ಡ್ರಮ್ಸ್‌ನ ವಿಷಯದಲ್ಲಿ ಬಹುಪಾಲು ಚರ್ಚೆಗಳು ಒಂದು ಸರಳ ಸಂಗತಿಯನ್ನು ಮರೆಯುತ್ತವೆ. ಹಾಡುಗಾರರು ಸಭಿಕರತ್ತ ಮುಖಮಾಡಿ ನಿಂತಾಗ ಮೈಕ್ ಹಾಡುಗಾರರತ್ತ ಮುಖಮಾಡಿರುತ್ತದೆ. ಹಾಡುಗಾರರ ಬೆನ್ನ ಹಿಂದೆ ಡ್ರಮ್ಸ್ ಇದ್ದರೆ ಅದು ಮೈಕಿನ ಮುಂಭಾಗದಲ್ಲಿದೆ ಎಂದೇ ಅರ್ಥ. ಯಾವ ವಿನ್ಯಾಸದ ಮೈಕೂ ತನ್ನ ಮುಂದಿರುವ ಸದ್ದನ್ನು ಮರೆಸಲಾರದು. ಹಾಡುಗಾರರ ತಲೆಯೇ ಅಲ್ಲಿ ಏಕೈಕ ಮರೆ, ಅವರು ಪಕ್ಕಕ್ಕೆ ಸರಿದೊಡನೆ ಸ್ನೇರ್ ಮತ್ತು ಸಿಂಬಲ್‌ಗಳು ನೇರವಾಗಿ ಮೈಕಿಗೆ ಬೀಳುತ್ತವೆ. ಈ ಪರೀಕ್ಷೆಯಲ್ಲಿ ಐದೂ ಮೈಕುಗಳ ಡ್ರಮ್ಸ್ ಸೋರಿಕೆ ನಿರೀಕ್ಷೆಗಿಂತ ಹತ್ತಿರಹತ್ತಿರ ಇದ್ದುದಕ್ಕೆ ಇದೇ ಕಾರಣ. ವ್ಯತ್ಯಾಸ ಕೇಳಿಸಿದ್ದು ಪ್ರಮಾಣದಲ್ಲಿ ಅಲ್ಲ, ಬಣ್ಣದಲ್ಲಿ. ಎಸ್‌ಎಂ58 ಮತ್ತು ಒಎಂ7 ಸಿಂಬಲ್‌ಗಳನ್ನು ಮಂದವಾಗಿ ತಂದರೆ ಇ 935 ಮತ್ತು ಬೀಟಾ ಮಿನುಗಿಸಿ ತಂದವು. ಗಾಯಕರನ್ನು ಡ್ರಮ್ಸ್‌ನ ನೇರ ಗೆರೆಯಿಂದ ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿದಾಗ ಒಎಂ7 ಮತ್ತು ಇ 945ರ ಚಾನೆಲ್‌ಗಳು ಥಟ್ಟನೆ ಶುಚಿಯಾದವು, ಕಾರ್ಡಿಯಾಯ್ಡ್‌ಗಳಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಕಿರಿದಾದ ವಿನ್ಯಾಸಕ್ಕೆ ಹಣ ಹಾಕುವ ಮುನ್ನ ಗಾಯಕರ ಜಾಗ ಬದಲಿಸಿ ನೋಡುವುದು ಒಳ್ಳೆಯದು.

ತೆರೆದಿಟ್ಟ ಮೈಕುಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಒಂದೇ ಮಟ್ಟದಲ್ಲಿ ತೆರೆದಿರುವ ಮೈಕುಗಳ ಸಂಖ್ಯೆ ದ್ವಿಗುಣವಾದಂತೆಲ್ಲ ಫೀಡ್‌ಬ್ಯಾಕ್‌ಗೆ ಮುನ್ನ ಸಿಗುವ ಮಟ್ಟ 3 ಡೆಸಿಬೆಲ್‌ನಷ್ಟು ಇಳಿಯುತ್ತದೆ. ನಾಲ್ಕು ಮಂದಿ ಹಾಡುವ ತಂಡದಲ್ಲಿ ಇಬ್ಬರು ಪಲ್ಲವಿಗೆ ಮಾತ್ರ ದನಿಗೂಡಿಸುವವರಾದರೆ, ಅವರು ಹಾಡದ ಹೊತ್ತಿನಲ್ಲಿ ಆ ಎರಡು ಚಾನೆಲ್‌ಗಳನ್ನು ಮುಚ್ಚುವುದರಿಂದ ಸಿಗುವ ಲಾಭ, ನಾಲ್ಕೂ ಮೈಕುಗಳನ್ನು ಬದಲಿಸಿದರೆ ಸರಾಸರಿಯಾಗಿ ಸಿಗುವ ಲಾಭಕ್ಕಿಂತ ಹೆಚ್ಚು.

ಕಿವಿಯೊಳಗಿನ ಮಾನಿಟರ್ ಬಳಸುವ ತಂಡಗಳಲ್ಲಿ ನೆಲದ ಮಾನಿಟರಿನ ಕೋನದ ಪ್ರಶ್ನೆಯೇ ಇರುವುದಿಲ್ಲ. ಆದರೆ ಹಾಡುವ ಮೈಕಿಗೆ ಬಿದ್ದ ಸಿಂಬಲ್ ನೇರವಾಗಿ ಕಿವಿಯೊಳಗೇ ಸಿಡಿಯುವುದರಿಂದ ಸೋರಿಕೆಯ ಬಣ್ಣ ಅಲ್ಲಿ ಇನ್ನಷ್ಟು ಮುಖ್ಯವಾಗುತ್ತದೆ. ಅಂತಹ ತಂಡಗಳಿಗೆ ನನ್ನ ಮೊದಲ ಆಯ್ಕೆ ಇ 945.

ಇವಿಷ್ಟರ ನಂತರ, ಯಾರಿಗೆ ಯಾವುದು ಎಂಬುದನ್ನು ನನ್ನ ತೀರ್ಪಿನಂತೆ ಹೇಳುತ್ತೇನೆ. ತುಟಿಯನ್ನು ಮೈಕಿನಿಂದ ಕದಲಿಸದೆ, ಹಿಂತುದಿ ಎತ್ತಿ, ಪೂರ್ಣ ಬಲದಲ್ಲಿ ಹಾಡುವವರಿಗೆ ಒಎಂ7ಗೆ ಸಾಟಿಯಿಲ್ಲ. ಗಿಟಾರ್ ನುಡಿಸುತ್ತ ಸ್ಟ್ಯಾಂಡಿನಲ್ಲಿಟ್ಟ ಮೈಕಿಗೆ ಹಾಡುವವರಿಗೆ ಬೀಟಾ 58ಎ ಅಥವಾ ಇ 945 ಕೊಡಬೇಕು, ಏಕೆಂದರೆ ಸ್ಟ್ಯಾಂಡಿನ ಮೈಕ್ ಕೋನ ಬದಲಿಸುವುದಿಲ್ಲ, ಮಾನಿಟರನ್ನು ಅದರ ಕಿವುಡು ಕೋನಕ್ಕೆ ಹೊಂದಿಸಿ ಬಿಗಿಮಾಡಿ ಬಿಡಬಹುದು. ಆ ಎರಡರಲ್ಲಿ ಮಂದ ಕಂಠದವರಿಗೆ ಬೀಟಾ, ಮೊನಚು ಕಂಠದವರಿಗೆ ಇ 945. ಮೈಕನ್ನು ದೂರ ಹತ್ತಿರ ಆಡಿಸುತ್ತ ಭಾವ ತುಂಬುವ ಗಾಯಕರಿಗೆ ಇ 935 ಹೊಂದುತ್ತದೆ, ಆದರೆ ಮಾನಿಟರ್ ಅವರ ನೇರ ಎದುರಿಗಿರಲಿ, ಹಿಂತುದಿ ಅದರತ್ತ ಇಳಿದಿರಲಿ. ಡ್ರಮ್ಸ್ ಬಾರಿಸುತ್ತಲೇ ಹಾಡುವವರಿಗೆ ಒಎಂ7 ಒಳ್ಳೆಯದು. ಸಿಂಬಲ್‌ಗಳು ಎರಡು ಪಕ್ಕಗಳಲ್ಲೇ ಇರುವ ಆ ಜಾಗದಲ್ಲಿ ಪಕ್ಕದ ಸದ್ದನ್ನು ಅತಿ ಹೆಚ್ಚು ತಗ್ಗಿಸುವ ಹೈಪರ್ ವಿನ್ಯಾಸವೇ ಕೆಲಸಕ್ಕೆ ಬರುತ್ತದೆ, ಬಾಯಿ ಮಾತ್ರ ಮೈಕಿಗೆ ಅಂಟಿಕೊಂಡಿರುವಂತೆ ಬೂಮ್ ಸ್ಟ್ಯಾಂಡನ್ನು ಹೊಂದಿಸಿಕೊಳ್ಳಬೇಕು. ಒಂದಾದ ಮೇಲೊಂದು ಪರಿಚಯವಿಲ್ಲದ ತಂಡಗಳು ಏರುವ ವೇದಿಕೆಯಲ್ಲಿ, ಯಾರು ಹೇಗೆ ಹಿಡಿಯುತ್ತಾರೆಂದು ಮುಂಚಿತವಾಗಿ ತಿಳಿಯದಿರುವಾಗ, ನಾನು ಸ್ಟ್ಯಾಂಡುಗಳ ಮೇಲೆ ಎಸ್‌ಎಂ58ಗಳನ್ನೇ ಇಟ್ಟು, ಒಂದು ಒಎಂ7 ಮತ್ತು ಒಂದು ಇ 945ನ್ನು ಮಿಕ್ಸರಿನ ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಳ್ಳುತ್ತೇನೆ. ಮೊದಲ ಹಾಡಿನಲ್ಲಿ ಗಾಯಕರ ಮೊಣಕೈ ಎಲ್ಲಿರುತ್ತದೆ ಎಂದು ನೋಡಿದ ಮೇಲೆ, ಬದಲಿಸಬೇಕಾದರೆ ಎರಡನೆಯ ಹಾಡಿಗೆ ಮುನ್ನ ಬದಲಿಸಿ, ಆ ಮೈಕಿಗೆ ಮೊದಲೇ ಗುರುತುಹಾಕಿಟ್ಟ ಗೇನ್ ಮಟ್ಟಕ್ಕೆ ಗುಂಡಿಯನ್ನು ತಿರುಗಿಸಿದರೆ ಸಾಕಾಗುತ್ತದೆ.